ಕಿವಿ ಮಂದವಾಗುವುದು ವಯಸ್ಸಿನ ದೋಷ ಮಾತ್ರವೇ?

ಮನೆಯ ಹಿರಿಯರೊಬ್ಬರ ಕಿವಿ ಮಂದವಾಗತೊಡಗಿದೆ ಎಂಬುದು ಮೊದಲು ತಿಳಿಯುವುದು ಅವರಿಗಲ್ಲ, ಮನೆಯವರಿಗೆ. ಟಿ.ವಿ.ಯ ಶಬ್ದ ನೆರೆಮನೆಗೂ ಕೇಳುವಷ್ಟು ಏರುತ್ತದೆ. ‘ಹ್ವಾಯ್, ಎಂತ ಹೇಳಿದ್ರಿ?’ ಎಂಬ ಪ್ರಶ್ನೆ ದಿನಕ್ಕೆ ಹತ್ತು ಬಾರಿ ಬರುತ್ತದೆ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಮಕ್ಕಳು ಫೋನ್ ಮಾಡಿದರೆ ಎರಡು ಸಲ ‘ಹೂಂ’ ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತಾರೆ. ಮದುವೆ ಮನೆಗೆ ಹೋದರೆ ಮೂಲೆಯ ಕುರ್ಚಿ ಹಿಡಿಯುತ್ತಾರೆ. ಕಣ್ಣು ಮಂಜಾದರೆ ಮರುದಿನವೇ ಕನ್ನಡಕದ ಅಂಗಡಿಗೆ ಹೋಗುವ ನಾವು ಕಿವಿಯ ವಿಷಯದಲ್ಲಿ ‘ವಯಸ್ಸಾಯಿತಲ್ಲ’ ಎಂದು ಹತ್ತು ವರ್ಷ ಕಳೆಯುತ್ತೇವೆ. ಈ ಹತ್ತು ವರ್ಷದ ವಿಳಂಬದಿಂದ ಆಗುವ ನಷ್ಟ ಕಿವಿಗೆ ಮಾತ್ರ ಸೀಮಿತವಲ್ಲ.

ಮಾತು ಕೇಳುತ್ತದೆ, ತಿಳಿಯುವುದಿಲ್ಲ

ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂದೇಶವಾಗಿ ಬದಲಿಸುವ ಕೆಲಸ ಇವುಗಳದ್ದು. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಸು ಮತ್ತು ಗದ್ದಲ ಎರಡೂ ಮೊದಲು ಹಾಳುಮಾಡುವುದು ತೆಳು ಸ್ವರಗಳನ್ನು ಗ್ರಹಿಸುವ ಕೋಶಗಳನ್ನು. ಆದ್ದರಿಂದ ಸ್ವರಾಕ್ಷರಗಳು ಚೆನ್ನಾಗಿ ಕೇಳುತ್ತವೆ; ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ‘ತಟ್ಟೆ’ ಎಂದರೆ ‘ಕಟ್ಟೆ’, ‘ತಾಸು’ ಎಂದರೆ ‘ಕಾಸು’ ಎಂದಾಗುತ್ತದೆ. ಹೆಂಗಸರ ಮತ್ತು ಮಕ್ಕಳ ಧ್ವನಿ ತೆಳುವಾಗಿರುವುದರಿಂದ ಅವರ ಮಾತು ಹೆಚ್ಚು ತಪ್ಪುತ್ತದೆ. ‘ಪೇಟೆಯ ಸುದ್ದಿಯೆಲ್ಲ ಕೇಳುತ್ತದೆ, ನಾನು ಹೇಳಿದ್ದು ಮಾತ್ರ ಕೇಳುವುದಿಲ್ಲ’ ಎಂದು ಗಂಡನ ಮೇಲೆ ಸಿಟ್ಟಾಗುವ ಗೃಹಿಣಿಯರು ಇದನ್ನೊಮ್ಮೆ ಗಮನಿಸಬೇಕು. ಕೆಲವು ಸಂದರ್ಭಗಳಲ್ಲಾದರೂ ತಪ್ಪು ಗಂಡನದ್ದಲ್ಲ!

ನಮ್ಮ ಕರಾವಳಿಯ ಗದ್ದಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕಿವಿಯನ್ನು ಸವೆಸುವ ಉದ್ಯೋಗಗಳಿಗೆ ಕೊರತೆಯಿಲ್ಲ. ಗಂಗೊಳ್ಳಿಯಿಂದ ಕಡಲಿಗಿಳಿಯುವ ಬೋಟಿನಲ್ಲಿ ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ದಿನಗಟ್ಟಲೆ ಕಳೆಯುವವರು, ಹಂಚಿನ ಕಾರ್ಖಾನೆಗಳಲ್ಲಿ ದುಡಿದವರು, ಕೆಂಪುಕಲ್ಲಿನ ಕೋರೆಯಲ್ಲಿ ಯಂತ್ರ ಹಿಡಿದವರು, ಮರದ ಮಿಲ್ಲಿನವರು, ಈಗ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಹೆಗಲಿಗೇರಿಸಿಕೊಂಡವರು, ಇವರೆಲ್ಲರೂ ಈ ಸಾಲಿಗೆ ಸೇರುತ್ತಾರೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂಬುದು ತಜ್ಞರು ಸಾಮಾನ್ಯವಾಗಿ ಹೇಳುವ ಮಿತಿ. ಶಬ್ದ ಕೇವಲ 3 ಡೆಸಿಬೆಲ್ ಏರಿದರೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ಎದುರಿಗೆ ನಿಂತವರೊಡನೆ ಮಾತಾಡಲು ಕೂಗಬೇಕಾದರೆ ಆ ಸ್ಥಳದ ಗದ್ದಲ ಮಿತಿ ಮೀರಿದೆ ಎಂದು ತಿಳಿಯಿರಿ. ಕಿವಿಗೆ ತುರುಕುವ ಸ್ಪಂಜಿನ ಬಿರಡೆಗೆ ಹೆಚ್ಚು ಖರ್ಚಿಲ್ಲ. ಹತ್ತಿ ತುರುಕಿದರೆ ಅಷ್ಟು ಪ್ರಯೋಜನವಿಲ್ಲ.

ಯಕ್ಷಗಾನ ಪ್ರಿಯರು ಹೆದರಬೇಕಿಲ್ಲ. ದೂರದಲ್ಲಿ ಕುಳಿತು ಆಟ ನೋಡಿದರೆ ಕಿವಿ ಹೋಗುವುದಿಲ್ಲ. ಆದರೆ ಧ್ವನಿವರ್ಧಕದ ಬುಡದಲ್ಲಿ ಚಾಪೆ ಹಾಸಿ ಬೆಳಗು ಮಾಡುವುದು ಬೇಡ. ವರ್ಷಾನುಗಟ್ಟಲೆ ಚೆಂಡೆಯ ಮಗ್ಗುಲಲ್ಲೇ ಇರುವ ಹಿಮ್ಮೇಳದವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಜಾತ್ರೆಯ ಗರ್ನಾಲು ಪಕ್ಕದಲ್ಲೇ ಸಿಡಿದರೆ ಒಂದೇ ಏಟಿಗೆ ಕೇಡಾಗಬಹುದು.

ಕಿವಿಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ?

ಒಳಕಿವಿಗೆ ರಕ್ತ ಹೋಗುವುದು ಒಂದೇ ಒಂದು ತೆಳುವಾದ ರಕ್ತನಾಳದಿಂದ. ಅದು ಕಟ್ಟಿದರೆ ಬೇರೆ ದಾರಿಯಿಲ್ಲ. ಮಧುಮೇಹ, ರಕ್ತದೊತ್ತಡ ಮತ್ತು ಧೂಮಪಾನ ಸಣ್ಣ ರಕ್ತನಾಳಗಳನ್ನೇ ಕೆಡಿಸುವುದರಿಂದ ಕಣ್ಣು, ಮೂತ್ರಪಿಂಡಗಳಂತೆ ಕಿವಿಯೂ ಅವುಗಳ ದಾಳಿಗೆ ಸಿಗುತ್ತದೆ. ಮಧುಮೇಹಿಗಳಲ್ಲಿ ಶ್ರವಣ ದೋಷ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದು 2008ರಲ್ಲಿ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಆದರೂ ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಪರೀಕ್ಷೆಯನ್ನು ನೆನಪಿಸುವ ನಾವು ವೈದ್ಯರು ಕಿವಿಯ ಪರೀಕ್ಷೆಯ ಮಾತೆತ್ತುವುದು ಕಡಿಮೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕಿವಿ ಮಂದವಾದವರು ವೈದ್ಯರ ಮುಂದೆ ಸಂಕೋಚದಿಂದ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ‘ಊಟದ ಮೊದಲು’ ಎಂದದ್ದು ‘ಊಟದ ಮೇಲೆ’ ಎಂದು ಕೇಳಿದರೆ ಇನ್ಸುಲಿನ್ನಿನ ಲೆಕ್ಕವೇ ತಪ್ಪುತ್ತದೆ. ಆಸ್ಪತ್ರೆಗೆ ಹೋದಾಗ ‘ನನಗೆ ಕಿವಿ ಸ್ವಲ್ಪ ಮಂದ’ ಎಂದು ಮೊದಲೇ ಹೇಳಿ, ಮದ್ದಿನ ಕ್ರಮವನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ನೆನಪು, ನಡಿಗೆ, ಮನಸ್ಸು

ಮರೆಗುಳಿತನಕ್ಕೂ ಕಿವಿಗೂ ನಂಟಿದೆಯೆಂಬುದು ಈಚಿನ ಸಂಶೋಧನೆಗಳ ಮುಖ್ಯ ವಿಷಯ. ತಡೆಯಬಹುದಾದ ಅಥವಾ ಮುಂದೂಡಬಹುದಾದ ಕಾರಣಗಳೆಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿಮಾಡಿದ 14ರಲ್ಲಿ ಶ್ರವಣ ದೋಷವೂ ಪ್ರಮುಖವಾದುದು. ಅರ್ಧಂಬರ್ಧ ಕೇಳಿದ ಮಾತನ್ನು ಜೋಡಿಸುವುದರಲ್ಲೇ ಮಿದುಳಿನ ಶಕ್ತಿ ವ್ಯಯವಾಗುತ್ತದೆ, ಜನರ ಒಡನಾಟ ಕಡಿಮೆಯಾಗಿ ಮಿದುಳಿಗೆ ಕೆಲಸವಿಲ್ಲದಾಗುತ್ತದೆ ಎಂಬುದು ತಜ್ಞರು ಕೊಡುವ ವಿವರಣೆಗಳು. ಹಾಗೆಂದು ಶ್ರವಣ ಸಾಧನ ಹಾಕಿದವರಿಗೆಲ್ಲ ಮರೆವು ಬಾರದು ಎನ್ನುವುದು ಅತಿಯಾದೀತು. 2023ರಲ್ಲಿ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಒಟ್ಟಾರೆಯಾಗಿ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಸುಮಾರು ಅರ್ಧದಷ್ಟು ಇಳಿದಿತ್ತು.

ಕಿವಿ ಮಂದವಾದವರು ಬೀಳುವುದೂ ಹೆಚ್ಚು. ದೇಹದ ಸಮತೋಲನ ಕಾಯುವ ಅಂಗ ಒಳಕಿವಿಯಲ್ಲೇ ಇದೆ. ಮೇಲಾಗಿ ಹಿಂದಿನಿಂದ ಬರುವ ಬೈಕಿನ ಸದ್ದು ಕೇಳದಿದ್ದರೆ ಹೆದ್ದಾರಿ ದಾಟುವುದು ಹೇಗೆ? ಇನ್ನು ಮನಸ್ಸಿನ ವಿಚಾರ. ಮಕ್ಕಳೆಲ್ಲ ಊರು ಬಿಟ್ಟ ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರಿದ್ದು, ಅವರಲ್ಲೊಬ್ಬರಿಗೆ ಕಿವಿ ಕೇಳದಿದ್ದರೆ ಇನ್ನೊಬ್ಬರಿಗೂ ಮಾತು ನಿಂತಂತೆಯೇ. ‘ಈಚೆಗೆ ಅಪ್ಪಯ್ಯ ಮಂಕಾಗಿದ್ದಾರೆ’ ಎನ್ನುವಾಗ ಕಿವಿಯನ್ನೊಮ್ಮೆ ಪರೀಕ್ಷಿಸಿದ್ದೀರಾ?

ಮೂರು ದಿನ ಕಾಯಬೇಡಿ

ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ಜತೆಗೆ ಗುಂಯ್‌ಗುಟ್ಟುವ ಸದ್ದೋ ತಲೆ ಸುತ್ತೋ ಇದ್ದರೆ, ಅದು ಶೀತದ ಪರಿಣಾಮವೋ ಗುಗ್ಗೆಯೋ ಇರಬೇಕೆಂದು ತೆಂಗಿನೆಣ್ಣೆ ಬಿಟ್ಟು ಕಾಯುವವರೇ ಹೆಚ್ಚು. ಇದು ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಔಷಧ ಮೊದಲ ಕೆಲವು ದಿನಗಳಲ್ಲಿ ಕೊಟ್ಟಾಗಲೇ ಹೆಚ್ಚು ಫಲ. ಎರಡು ವಾರ ದಾಟಿದರೆ ಕಿವಿ ಮರಳುವ ಸಂಭವ ಬಹಳ ಕಡಿಮೆಯಾಗುತ್ತದೆ. ಅಂದೇ ಅಥವಾ ಮರುದಿನವೇ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿರಿ.

ಸುಲಭವಾಗಿ ಗುಣವಾಗುವ ಕಾರಣಗಳೂ ಉಂಟು. ಗಟ್ಟಿಯಾದ ಗುಗ್ಗೆಯನ್ನು ತೆಗೆಸಿದರೆ ಸಾಕು. ಮಳೆಗಾಲದಲ್ಲಿ ತೇವದಿಂದ ಕಿವಿಯೊಳಗೆ ಬೂಸ್ಟು ಬೆಳೆದು ತುರಿಕೆ, ಮಂದತೆ ಬರುವುದು ನಮ್ಮಲ್ಲಿ ಸಾಮಾನ್ಯ. ಪಿನ್ನು, ಬೆಂಕಿಕಡ್ಡಿ ಹಾಕಿ ಕೆರೆದರೆ ಅದು ಉಲ್ಬಣಿಸುತ್ತದೆ. ಸೋರುವ ಕಿವಿಯ ತಮಟೆಯಲ್ಲಿ ತೂತಿದ್ದರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಜೆಂಟಮೈಸಿನ್‌ನಂಥ ಕೆಲವು ಚುಚ್ಚುಮದ್ದುಗಳು ಒಳಕಿವಿಗೆ ಹಾನಿ ಮಾಡಬಲ್ಲವು. ಅವುಗಳನ್ನು ತೆಗೆದುಕೊಳ್ಳುತ್ತಿರುವಾಗ ಕಿವಿಯಲ್ಲಿ ಸದ್ದು ಶುರುವಾದರೆ ವೈದ್ಯರಿಗೆ ತಿಳಿಸಬೇಕು.

ಪರೀಕ್ಷೆ ಮತ್ತು ಸಾಧನ

ಶ್ರವಣ ಪರೀಕ್ಷೆಗೆ ನೋವಿಲ್ಲ, ಸೂಜಿಯಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಕೇಳಿದಾಗಲೆಲ್ಲ ಗುಂಡಿ ಒತ್ತಿದರೆ ಆಯಿತು. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಬಡತನದ ರೇಖೆಗಿಂತ ಕೆಳಗಿರುವ 60 ದಾಟಿದವರಿಗೆ ಶ್ರವಣ ಸಾಧನ ಒದಗಿಸಲು 2017ರಲ್ಲಿ ಕೇಂದ್ರ ಸರಕಾರವು ವಯೋಶ್ರೀ ಯೋಜನೆಯನ್ನು ತಂದಿದೆ.

ಜಾಹೀರಾತು ನೋಡಿ ಅಂಚೆಯಲ್ಲಿ ತರಿಸುವ ಯಂತ್ರಗಳು ಎಲ್ಲ ಶಬ್ದವನ್ನೂ ಒಂದೇ ಸಮ ದೊಡ್ಡದು ಮಾಡುತ್ತವೆ. ಪಾತ್ರೆಯ ಸದ್ದು ಸಿಡಿಲಿನಂತೆ ಕೇಳಿ, ಎರಡೇ ದಿನದಲ್ಲಿ ಅದು ಕಪಾಟು ಸೇರುತ್ತದೆ. ಪರೀಕ್ಷೆಯ ನಕ್ಷೆಗೆ ಸರಿಯಾಗಿ ಹೊಂದಿಸಿದ ಸಾಧನವಾದರೂ ಮಿದುಳು ಅದಕ್ಕೆ ಒಗ್ಗಲು ಕೆಲವು ವಾರ ಬೇಕು. ಮೊದಲು ಮನೆಯೊಳಗೆ ಒಂದೆರಡು ಗಂಟೆ, ಮತ್ತೆ ಅಂಗಳದಲ್ಲಿ, ಆಮೇಲೆ ಪೇಟೆಗೆ ಎಂದು ಅಭ್ಯಾಸ ಮಾಡಿಕೊಳ್ಳಬೇಕು. ಮನೆಯವರೂ ಕಿರುಚಬಾರದು. ಕಿರುಚಿದರೆ ಮಾತು ಮತ್ತಷ್ಟು ಒಡೆಯುತ್ತದೆ. ಟಿ.ವಿ., ಮಿಕ್ಸಿ ನಿಲ್ಲಿಸಿ, ಬೆಳಕಿನಲ್ಲಿ ಎದುರು ಕುಳಿತು, ತುಸು ನಿಧಾನವಾಗಿ ಹೇಳಿದರೆ ಅರ್ಧ ತೊಂದರೆ ನೀಗುತ್ತದೆ.

ಬೆವರು ಮತ್ತು ಕರಾವಳಿಯ ತೇವ ಸಾಧನದ ಶತ್ರುಗಳು. ಮೀಯುವ ಮೊದಲು ಅದನ್ನು ತೆಗೆದಿಡಬೇಕು. ರಾತ್ರಿ ಬ್ಯಾಟರಿಯ ಮುಚ್ಚಳ ತೆರೆದು, ತೇವ ಹೀರುವ ಸಿಲಿಕಾ ಹರಳುಗಳಿರುವ ಬಿಗಿ ಡಬ್ಬಿಯಲ್ಲಿಟ್ಟರೆ ಆಷಾಢದ ಮಳೆಯಲ್ಲೂ ಕೆಡುವುದಿಲ್ಲ. ಹರಳಿನ ಬಣ್ಣ ತಿರುಗಿದಾಗ ಅದನ್ನು ಬದಲಿಸಬೇಕು.