ಕಷ್ಟಸಾಧ್ಯವಾದ ಹೆಪಟೈಟಿಸ್ ಸಿ

ನಮ್ಮ ಪ್ರಾಚೀನ ವೈದ್ಯರು ರೋಗಗಳನ್ನು ಸುಖಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಸುಲಭವಾಗಿ ಗುಣವಾಗತಕ್ಕದ್ದು ಮೊದಲನೆಯದು. ಪ್ರಯಾಸದಿಂದ ಗುಣವಾಗತಕ್ಕದ್ದು ಎರಡನೆಯದು. ಬೇರುಸಹಿತ ಹೋಗದಿದ್ದರೂ ಔಷಧ ಪಥ್ಯಗಳ ಬಲದಿಂದ ಹತೋಟಿಯಲ್ಲಿರಿಸಬಹುದಾದುದು ಯಾಪ್ಯ. ಕೊನೆಯದರ ಅರ್ಥ ಸ್ಪಷ್ಟವಾಗಿಯೇ ಇದೆ. ಒಂದೇ ರೋಗವು ಒಬ್ಬ ಮನುಷ್ಯನ ಆಯುಷ್ಯದೊಳಗೆ ಅಸಾಧ್ಯದಿಂದ ಸುಖಸಾಧ್ಯದವರೆಗೆ ಬಂದ ಉದಾಹರಣೆಗಳು ವಿರಳ. ಯಕೃತ್ತಿನ ರೋಗವಾದ ಹೆಪಟೈಟಿಸ್ ಸಿ ಅಂಥದೊಂದು. ಆದರೆ ಎಲ್ಲ ರೋಗಿಗಳಲ್ಲಿಯೂ ಅದು ಸುಖಸಾಧ್ಯವಲ್ಲ. ಕಷ್ಟಸಾಧ್ಯವಾಗಿಯೇ ಉಳಿದವರು ಯಾರು, ಅವರಿಗೆ ಮಾಡಬಹುದಾದುದೇನು ಎಂಬುದನ್ನು ನಾವು ಈಗ ವಿಚಾರ ಮಾಡೋಣ.

ಕಣ್ಣು ಹಳದಿಯಾಯಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಕಡೆ ಜನರು ‘ಕಾಮಣಿ’ ಎನ್ನುತ್ತಾರೆ. ನಾಟಿ ಔಷಧ ಕೊಡುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ಕೀರ್ತಿಯೆಲ್ಲ ಔಷಧ ಕೊಟ್ಟವರಿಗೆ ಸಲ್ಲುತ್ತದೆ. ನಿಜವಾಗಿ, ಕಲುಷಿತವಾದ ನೀರು ಆಹಾರಗಳಿಂದ ಬರುವ ‘ಎ’ ಮತ್ತು ‘ಇ’ ಎಂಬ ಬಗೆಗಳು ಬಹುಮಟ್ಟಿಗೆ ತಾವಾಗಿಯೇ ಇಳಿಯತಕ್ಕವು. (ಗರ್ಭಿಣಿಯರಲ್ಲಿ ‘ಇ’ ಬಗೆಯದು ಪ್ರಾಣಾಂತಿಕವಾಗಬಹುದೆಂಬುದನ್ನು ಮಾತ್ರ ಮರೆಯಲಾಗದು.) ‘ಸಿ’ ಬಗೆಯದರ ಸ್ವಭಾವವೇ ಬೇರೆ. ಅದು ದೇಹವನ್ನು ಹೊಕ್ಕಾಗ ಕಣ್ಣು ಹಳದಿಯಾಗುವುದೇ ಅಪರೂಪ. ಸೋಂಕು ತಗಲಿದ 100 ಜನರಲ್ಲಿ 55ರಿಂದ 85 ಜನರ ದೇಹದಲ್ಲಿ ಅದು ಶಾಶ್ವತವಾಗಿ ಬೀಡುಬಿಡುತ್ತದೆ. ಹೀಗೆ ಬೀಡುಬಿಟ್ಟವರಲ್ಲಿ ನೂರಕ್ಕೆ 15ರಿಂದ 30 ಜನರಿಗೆ 20 ವರ್ಷಗಳೊಳಗಾಗಿ ಯಕೃತ್ತು ಗಾಯದ ಕಲೆಗಳಿಂದ ಗಂಟುಗಂಟಾಗಿ ಗಡುಸಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಮದ್ಯವನ್ನೇ ಮುಟ್ಟದವರಿಗೂ ಇದು ಬರಬಹುದು. ಹೀಗಿದ್ದೂ ಹಳ್ಳಿಗಳಲ್ಲಿ ಇಂಥ ರೋಗಿಗಳನ್ನು ಕುಡುಕರೆಂದು ಸಂಶಯಿಸುವುದುಂಟು. ಇದು ಅನ್ಯಾಯ.

ಈ ವೈರಸ್ ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಪರೀಕ್ಷಿಸದ ರಕ್ತವನ್ನು ಕೊಡುವುದು, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು, ಸರಿಯಾಗಿ ಶುದ್ಧಿಗೊಳಿಸದ ಉಪಕರಣಗಳು, ಮಾದಕದ್ರವ್ಯ ಚುಚ್ಚಿಕೊಳ್ಳುವವರು ಹಂಚಿಕೊಳ್ಳುವ ಸಿರಿಂಜು, ಇವು ಮುಖ್ಯ ಮಾರ್ಗಗಳು. ಬನಶಂಕರಿಯಂಥ ದೊಡ್ಡ ಜಾತ್ರೆಗೆ ಹೋದ ತರುಣರು ಹಚ್ಚೆ ಹಾಕಿಸಿಕೊಳ್ಳುವಾಗ ಸೂಜಿಯೂ ಬಣ್ಣವೂ ಹೊಸವೇ ಎಂದು ಕೇಳಬೇಕು. ಜೊತೆಯಲ್ಲಿ ಉಣ್ಣುವುದರಿಂದಾಗಲಿ ಕೈ ಮುಟ್ಟುವುದರಿಂದಾಗಲಿ ಈ ರೋಗ ಬರುವುದಿಲ್ಲ.

1970ರ ದಶಕದಲ್ಲಿ ಅಮೆರಿಕೆಯ ಹಾರ್ವೆ ಆಲ್ಟರ್ ಮತ್ತು ಅವರ ಸಂಗಡಿಗರು, ರಕ್ತ ಪಡೆದವರಲ್ಲಿ ಕಾಣಿಸಿಕೊಳ್ಳುವ ಯಕೃತ್ತಿನ ಉರಿಯೂತವು ‘ಎ’ಯೂ ಅಲ್ಲದ ‘ಬಿ’ಯೂ ಅಲ್ಲದ ಬೇರೊಂದು ಎಂದು ತೋರಿಸಿದರು. ಆ ಬೇರೊಂದನ್ನು 1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ಗುರುತಿಸಿದರು. ಆಲ್ಟರ್, ಹೌಟನ್, ಚಾರ್ಲ್ಸ್ ರೈಸ್ ಈ ಮೂವರಿಗೆ 2020ರ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದಾದ ಪ್ರಶ್ನೆಯೊಂದುಂಟು. ಎಚ್.ಐ.ವಿ. ಸೋಂಕಿಗೆ ಜೀವನಪರ್ಯಂತ ಮಾತ್ರೆ ಬೇಕು. ಹೆಪಟೈಟಿಸ್ ಬಿ ಸೋಂಕು ಬೇರುಸಹಿತ ಹೋಗುವುದು ವಿರಳ. ‘ಸಿ’ ಮಾತ್ರ 12 ವಾರಗಳಲ್ಲಿ ಹೇಗೆ ಗುಣವಾಗುತ್ತದೆ? ಉತ್ತರವು ವೈರಸ್ ಅಡಗಿಕೊಳ್ಳುವ ಜಾಗದಲ್ಲಿದೆ. ಎಚ್.ಐ.ವಿ.ಯು ತನ್ನ ಬರಹವನ್ನು ನಮ್ಮ ಜೀವಕೋಶದ ವರ್ಣತಂತುವಿನೊಳಗೇ ಸೇರಿಸಿಬಿಡುತ್ತದೆ. ‘ಬಿ’ ವೈರಸ್ ಕೋಶಕೇಂದ್ರದಲ್ಲಿ ಒಂದು ಗಟ್ಟಿ ಉಂಗುರವಾಗಿ ಉಳಿಯುತ್ತದೆ. ‘ಸಿ’ ವೈರಸ್ಸಿನದು ಸುಮಾರು 9,600 ಅಕ್ಷರಗಳ ಒಂದು ಆರ್.ಎನ್.ಎ. ಎಳೆ; ಅದು ಕೋಶಕೇಂದ್ರವನ್ನು ಹೊಗುವುದೇ ಇಲ್ಲ. ದಿನಕ್ಕೆ ಲಕ್ಷ ಕೋಟಿಯಷ್ಟು ಹೊಸ ಕಣಗಳು ಹುಟ್ಟುತ್ತವೆ, ಅಷ್ಟೇ ಬೇಗ ಸಾಯುತ್ತವೆ. ಈ ನಕಲು ಮಾಡುವ ಕೆಲಸವನ್ನು ಕೆಲವು ವಾರ ಸಂಪೂರ್ಣ ತಡೆದರೆ ಬೀಜವೇ ಉಳಿಯದು.

ತಡೆಯುವುದು ಹೇಗೆ? ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಒಂದು ಎಳೆಯ ಕೊಂಡಿಗೆ ಅಡ್ಡವಾಗಿ ಗಂಟೊಂದು ಬಿದ್ದಿತ್ತೆಂದು ಊಹಿಸೋಣ. ಮುಂದಿನ ಎಳೆ ಅದರೊಳಗೆ ತೂರಲಾರದು. ಸೋಫೋಸ್ಬುವಿರ್ ಎಂಬ ಔಷಧವು ಮಾಡುವುದು ಇದನ್ನೇ. ಆರ್.ಎನ್.ಎ.ಯ ಅಕ್ಷರವೊಂದರಂತೆ ವೇಷ ಹಾಕಿಕೊಂಡು ಅದು ಎಳೆಗೆ ಸೇರುತ್ತದೆ. ಅದಕ್ಕಂಟಿದ ಚಿಕ್ಕದೊಂದು ಪರಮಾಣುಗುಂಪು ಮುಂದಿನ ಅಕ್ಷರಕ್ಕೆ ಅಡ್ಡ ನಿಲ್ಲುತ್ತದೆ. ವೈರಸ್ಸಿನ ಬೇರೊಂದು ಪ್ರೋಟೀನನ್ನು ಹಿಡಿಯುವ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಇದಕ್ಕೆ ಜೊತೆಗಾರ. ಒಂದೇ ಔಷಧವನ್ನು ಕೊಡಕೂಡದು. ನಕಲು ಮಾಡುವಾಗ ಈ ವೈರಸ್ ಬಹಳ ತಪ್ಪುಗಳನ್ನು ಮಾಡುತ್ತದೆ, ಆ ತಪ್ಪುಗಳಲ್ಲೊಂದು ಔಷಧದಿಂದ ತಪ್ಪಿಸಿಕೊಳ್ಳುವ ದಾರಿಯಾಗಬಹುದು.

ಇದಕ್ಕೆ ಮೊದಲು ಇದ್ದದ್ದು ವಾರಕ್ಕೊಮ್ಮೆ ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರಿಬಾವಿರಿನ್ ಮಾತ್ರೆ. 24 ಅಥವಾ 48 ವಾರ. ಜ್ವರ, ರಕ್ತಹೀನತೆ, ಮನಸ್ಸು ಕುಗ್ಗುವುದು ಇವೆಲ್ಲವನ್ನೂ ಸಹಿಸಿದ ಮೇಲೂ ಒಂದನೆಯ ತಳಿಯ ಸೋಂಕುಳ್ಳವರಲ್ಲಿ ಅರ್ಧದಷ್ಟು ಜನ ಮಾತ್ರ ಗುಣವಾಗುತ್ತಿದ್ದರು. ಸೋಫೋಸ್ಬುವಿರ್ 2013ರ ಕೊನೆಯಲ್ಲಿ ಅಮೆರಿಕೆಯಲ್ಲಿ ಬಂದಾಗ ಒಂದು ಮಾತ್ರೆಯ ಬೆಲೆ 1,000 ಡಾಲರು! 2014ರಲ್ಲಿ ಭಾರತದ ಏಳು ಕಂಪೆನಿಗಳಿಗೆ ತಯಾರಿಕೆಯ ಅನುಮತಿ ದೊರೆಯಿತು. ಬೆಂಗಳೂರಿನದೊಂದು ಕಂಪೆನಿಯೂ ಅವುಗಳಲ್ಲಿತ್ತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತವಾದವು. ಸಿರೋಸಿಸ್ ಇಲ್ಲದವರಿಗೆ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು ದಿನಕ್ಕೆ ಒಂದೊಂದರಂತೆ 12 ವಾರ. ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ.

ಇನ್ನು ಕಷ್ಟಸಾಧ್ಯರು. ಇವರಲ್ಲಿ ಮೊದಲಿಗರು ಸಿರೋಸಿಸ್ ಆದವರು, ಅದರಲ್ಲಿಯೂ ಮೂರನೆಯ ತಳಿಯ ವೈರಸ್ ಉಳ್ಳವರು. ಭಾರತದಲ್ಲಿ ಹೆಚ್ಚಾಗಿರುವುದು ಈ ಮೂರನೆಯ ತಳಿಯೇ. ವೈದ್ಯರು ಇಲ್ಲಿ ಐದು ಸಂಗತಿಗಳನ್ನು ನೋಡುತ್ತಾರೆ: ರಕ್ತದಲ್ಲಿನ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಳೆ, ಹೊಟ್ಟೆಯಲ್ಲಿ ನೀರು, ಬುದ್ಧಿಯ ಮಂಕು. ಯಕೃತ್ತು ಇನ್ನೂ ತನ್ನ ಕೆಲಸವನ್ನು ತೂಗಿಸಿಕೊಂಡು ಹೋಗುತ್ತಿದ್ದರೆ ಸೋಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್ 12 ವಾರ. ಹೊಟ್ಟೆ ನೀರಿನಿಂದ ಉಬ್ಬಿದವರಿಗೆ ಅದರೊಡನೆ ರಿಬಾವಿರಿನ್ನನ್ನೂ ಸೇರಿಸುತ್ತಾರೆ. ಅದನ್ನು ತಾಳಲಾರದವರಿಗೆ ಅವಧಿಯನ್ನೇ 24 ವಾರಕ್ಕೆ ಹೆಚ್ಚಿಸುತ್ತಾರೆ. ಇಂಟರ್‌ಫೆರಾನ್ ಕಾಲದಲ್ಲಿ ಇಂಥವರಿಗೆ ಔಷಧ ಕೊಡುವುದೇ ಅಪಾಯವಾಗಿತ್ತು. ಈಗಲೂ ವೈರಸ್ ಹೋದ ಮಾತ್ರಕ್ಕೆ ಯಕೃತ್ತು ಎಲ್ಲರಲ್ಲಿಯೂ ಚೇತರಿಸಿಕೊಳ್ಳದು. ಕೆಲವರಿಗೆ ಯಕೃತ್ತಿನ ಕಸಿಯೇ ಬೇಕಾಗುತ್ತದೆ. ಇಳಕಲ್ಲಿನ ನೇಕಾರನಿಗೆ ಬೆಂಗಳೂರು ಎಷ್ಟು ದೂರವೆಂಬುದನ್ನು ನೆನೆದರೆ, ಹೊಟ್ಟೆ ಉಬ್ಬುವ ಮೊದಲೇ ರೋಗವನ್ನು ಹಿಡಿಯುವುದರ ಬೆಲೆ ತಿಳಿಯುತ್ತದೆ.

ಎರಡನೆಯವರು ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರು. ರಿಬಾವಿರಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಔಷಧವಾದ್ದರಿಂದ ಇವರಲ್ಲಿ ಅದು ಶೇಖರವಾಗಿ ರಕ್ತಕಣಗಳನ್ನು ಒಡೆಯುತ್ತಿತ್ತು. ಸೋಫೋಸ್ಬುವಿರ್ ಬಗ್ಗೆಯೂ ಮೊದಮೊದಲು ಅಂಜಿಕೆಯಿತ್ತು. ಅನುಭವವು ಆ ಅಂಜಿಕೆಯನ್ನು ಕಳೆದಿದೆ. 2019ರಿಂದೀಚೆಗೆ ಅಮೆರಿಕೆಯಲ್ಲಿ ಡಯಾಲಿಸಿಸ್ ರೋಗಿಗಳಿಗೂ ಅದಕ್ಕೆ ಒಪ್ಪಿಗೆಯಿದೆ.

ಮೂರನೆಯವರ ವಿಷಯ ಬಾಗಲಕೋಟೆಗೆ ಹತ್ತಿರದ್ದು. 2003ರ ಸುಮಾರಿನಲ್ಲಿ ಈ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್.ಐ.ವಿ. ಕಂಡುಬಂದಿತ್ತು, ಆಗ ಇದು ಕರ್ನಾಟಕದಲ್ಲಿಯೇ ಅತಿ ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲೊಂದು. ಅಲ್ಲಿ ಎಚ್.ಐ.ವಿ. ಹರಡಿದ್ದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ಆದುದರಿಂದ ಅವರೆಲ್ಲರಿಗೂ ‘ಸಿ’ ಇರುತ್ತದೆಂದು ಭಾವಿಸಬಾರದು. ಆದರೆ ಎರಡೂ ಕೂಡಿದವರಲ್ಲಿ ಯಕೃತ್ತು ಬೇಗ ಹಾಳಾಗುತ್ತದೆ. ಅಲ್ಲದೆ ಔಷಧಗಳು ಪರಸ್ಪರ ಕಾದಾಡುತ್ತವೆ. ಎಚ್.ಐ.ವಿ.ಗೆ ಕೊಡುತ್ತಿದ್ದ ಎಫಾವಿರೆನ್ಜ್ ಎಂಬುದು ಡಕ್ಲಾಟಾಸ್ವಿರನ್ನು ಕುಗ್ಗಿಸುತ್ತದೆ, ಹಾಗಾಗಿ ಅದರ ಪ್ರಮಾಣವನ್ನು 60ರಿಂದ 90 ಮಿಲಿಗ್ರಾಮಿಗೆ ಏರಿಸಬೇಕು. ವೆಲ್ಪಟಾಸ್ವಿರ್ ಅದರೊಡನೆ ಸಲ್ಲದೇ ಸಲ್ಲದು. ಈಚಿನ ಡೊಲುಟೆಗ್ರಾವಿರ್ ಈ ತೊಡಕನ್ನು ಬಹಳಮಟ್ಟಿಗೆ ನಿವಾರಿಸಿದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಲ್ಲಕ್ಕಿಂತ ದೊಡ್ಡ ತೊಡಕು. ಸಾಮಾನ್ಯವಾಗಿ ಕ್ಷಯದ ಚಿಕಿತ್ಸೆ ಮುಗಿದ ಮೇಲೆಯೇ ‘ಸಿ’ಯ ಸರದಿ. ಅಂಗಡಿಯಿಂದ ತಂದು ನುಂಗುವ ಎಸಿಡಿಟಿ ಮಾತ್ರೆ ಕೂಡ ವೆಲ್ಪಟಾಸ್ವಿರ್ ದೇಹಕ್ಕೆ ಹತ್ತದಂತೆ ಮಾಡಬಲ್ಲದು. ಇಷ್ಟು ಕ್ಷುಲ್ಲಕವೆನಿಸುವ ಸಂಗತಿಯನ್ನು ರೋಗಿ ಹೇಳುವುದಿಲ್ಲ, ವೈದ್ಯನೂ ಕೇಳಲು ಮರೆಯುತ್ತಾನೆ.

‘ಬಿ’ ಮತ್ತು ‘ಸಿ’ ಎರಡೂ ಇರುವವರಲ್ಲಿ ‘ಸಿ’ ಅಳಿದೊಡನೆ ಸುಮ್ಮನಿದ್ದ ‘ಬಿ’ ತಲೆಯೆತ್ತಬಹುದು. ಆದುದರಿಂದ ಮೊದಲ ಮಾತ್ರೆಗೆ ಮುನ್ನವೇ ‘ಬಿ’ಯ ಪರೀಕ್ಷೆ ಕಡ್ಡಾಯ.

ಮೊದಲ ಚಿಕಿತ್ಸೆ ವಿಫಲವಾದವರೂ ಉಂಟು. ನಡುವೆ ಮಾತ್ರೆ ಬಿಟ್ಟವರು ಕೆಲವರು, ವೈರಸ್ಸೇ ರೂಪ ಬದಲಿಸಿದವರು ಕೆಲವರು. ಇವರಿಗೆ 2017ರಲ್ಲಿ ಬಂದ ವೋಕ್ಸಿಲಾಪ್ರೆವಿರನ್ನು ಸೇರಿಸಿದ ಮೂರು ಔಷಧಗಳ ಮಾತ್ರೆ, ಇಲ್ಲವೆ ಸೋಫೋಸ್ಬುವಿರ್, ವೆಲ್ಪಟಾಸ್ವಿರ್, ರಿಬಾವಿರಿನ್ 24 ವಾರ. ಆದರೆ ವೋಕ್ಸಿಲಾಪ್ರೆವಿರ್ ಜಾತಿಯ ಔಷಧಗಳನ್ನು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಕೊಡುವಂತಿಲ್ಲ.

ಗುಣವಾಯಿತೆಂದು ಹೇಳುವುದು ಯಾವಾಗ? ಮಾತ್ರೆ ಮುಗಿದ ದಿನವಲ್ಲ, ಮುಗಿದ 12 ವಾರಗಳ ಮೇಲೆ ರಕ್ತದಲ್ಲಿ ವೈರಸ್ಸಿನ ಆರ್.ಎನ್.ಎ. ಕಾಣದಿದ್ದಾಗ. ಪ್ರತಿಕಾಯದ ಪರೀಕ್ಷೆ ಮಾತ್ರ ಆಮೇಲೆಯೂ ವರ್ಷಾನುಗಟ್ಟಲೆ ಸೋಂಕಿದೆಯೆಂದೇ ತೋರಿಸುತ್ತಿರುತ್ತದೆ; ಹೊಸ ಆಸ್ಪತ್ರೆಗೆ ಹೋದಾಗ ಆ ಹಳೆಯ ಆರ್.ಎನ್.ಎ. ವರದಿಯನ್ನು ತೋರಿಸದಿದ್ದರೆ ಗುಣವಾದವನನ್ನೂ ರೋಗಿಯೆಂದೇ ಬಗೆದಾರು. ಆ ಪ್ರತಿಕಾಯವು ಮರುಸೋಂಕನ್ನು ತಡೆಯುವುದೂ ಇಲ್ಲ. ಈ ರೋಗಕ್ಕೆ ಲಸಿಕೆಯೂ ಇನ್ನೂ ದೊರೆತಿಲ್ಲ. ಮೊದಲೇ ಸಿರೋಸಿಸ್ ಆಗಿದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳುತ್ತಿರಬೇಕು, ಏಕೆಂದರೆ ಗಡುಸಾದ ಯಕೃತ್ತಿನಲ್ಲಿ ಕ್ಯಾನ್ಸರಿನ ಭಯ ಕಡಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.