ಮಾತು ಬಿಟ್ಟ ಗಂಡಸಿನ ಪಕ್ಕ ಕೂರುವುದು ಹೇಗೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು, ಅಂದರೆ ನೂರರಲ್ಲಿ ಸುಮಾರು 72. ಒಟ್ಟು ಸಾವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ದಿನಗೂಲಿಯವರದು. ಕರ್ನಾಟಕದಲ್ಲಿ ಆ ವರ್ಷ ಹೀಗೆ ತೀರಿಕೊಂಡವರು 13,606. ಈ ಗಂಡಸರಲ್ಲಿ ಹೆಚ್ಚಿನವರು ಮನೋವೈದ್ಯರ ಬಾಗಿಲಿಗೆ ಹೋದವರಲ್ಲ. ಆದರೆ ಹೊಲದ ಬದುವಿನಲ್ಲಿ, ಚಹಾದಂಗಡಿಯಲ್ಲಿ, ಗಾರೆ ಕೆಲಸದ ಜಾಗದಲ್ಲಿ ದಿನವೂ ಯಾರದೋ ಕಣ್ಣಿಗೆ ಬೀಳುತ್ತಿದ್ದವರು. ಆ ‘ಯಾರೋ’ ನೀವೇ ಆಗಿದ್ದರೆ ಏನು ಮಾಡಬೇಕು? ತರಬೇತಿ ಇಲ್ಲದವರೂ ಮಾಡಬಹುದಾದದ್ದನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ.

ಹಂತ 1: ಒಂದೇ ಕಾರಣ ಹುಡುಕುವುದನ್ನು ಬಿಡಿ

ಊರಲ್ಲಿ ಸಾವಾದ ಮರುದಿನ ಅರಳಿಕಟ್ಟೆಯಲ್ಲಿ ಮೂರು ಮಾತು ಕೇಳುತ್ತವೆ: ‘ಸಾಲ ಜಾಸ್ತಿ ಆಗಿತ್ತಂತೆ’, ‘ಕುಡೀತಿದ್ದನಂತೆ’, ‘ಮನೇಲಿ ಜಗಳವಂತೆ’. ಮೂರೂ ನಿಜವಿರಬಹುದು, ಯಾವುದೊಂದೂ ಪೂರ್ತಿಯಲ್ಲ. ರೈತನೊಬ್ಬನ ಬೋರ್‌ವೆಲ್ ಫೇಲಾಗುತ್ತದೆ. ಹೆಂಡತಿಯ ಒಡವೆ ಅಡವಿಟ್ಟು ಇನ್ನೊಂದು ಕೊರೆಸುತ್ತಾನೆ. ಬೆಳೆ ಬಂದ ಹೊತ್ತಿಗೆ ಟೊಮೆಟೊ ರೇಟು ಬಿದ್ದಿರುತ್ತದೆ. ಸಂಘದ ವಾರದ ಕಂತು ಕಟ್ಟಲು ಕೈಸಾಲ ಮಾಡುತ್ತಾನೆ, ಕೈಸಾಲ ತೀರಿಸಲು ಮೀಟರ್ ಬಡ್ಡಿಗೆ ಹೋಗುತ್ತಾನೆ. ನಿದ್ದೆ ಬಾರದೆ ಕುಡಿಯುತ್ತಾನೆ, ಕುಡಿದದ್ದಕ್ಕೆ ಮನೆಯಲ್ಲಿ ಜಗಳ. 2022ರ ದಾಖಲೆಯಲ್ಲಿ ಕೌಟುಂಬಿಕ ಸಮಸ್ಯೆಗೆ ಶೇ 31.7, ಕಾಯಿಲೆಗೆ ಶೇ 18.4 ಎಂದಿದೆ, ಸಾಲ ಮತ್ತು ದಿವಾಳಿಗೆ ಶೇ 4.1 ಮಾತ್ರ. ಒಂದು ಸಾವಿಗೆ ಒಂದೇ ಕಾರಣ ಬರೆಯುವ ಲೆಕ್ಕದಲ್ಲಿ ಜಗಳದ ಹಿಂದಿನ ಸಾಲ ಕಾಣುವುದಿಲ್ಲ, ಸಾಲದ ಹಿಂದಿನ ಖಿನ್ನತೆಯೂ ಕಾಣುವುದಿಲ್ಲ.

ಹಂತ 2: ಅವನು ಯಾಕೆ ಹೇಳುವುದಿಲ್ಲ ಎಂದು ತಿಳಿಯಿರಿ

‘ಗಂಡಸಾಗಿ ಅಳ್ತೀಯೇನೋ’ ಎಂದು ಬೈಸಿಕೊಂಡೇ ನಮ್ಮ ಹುಡುಗರು ಬೆಳೆಯುತ್ತಾರೆ. ದೊಡ್ಡವನಾದ ಮೇಲೆ ಸಾಲ ಅವನ ಹೆಸರಲ್ಲಿ, ಮನೆಯ ಮರ್ಯಾದೆ ಅವನ ತಲೆಯ ಮೇಲೆ. ಬಾಯಿ ಬಿಟ್ಟರೆ ಎರಡೂ ಹೋಯಿತೆಂಬ ಭಯ. ಹಾಗಾಗಿ ಅವನ ಸಂಕಟ ಎಷ್ಟೋ ಸಲ ಅಳುವಾಗಿ ಹೊರಬರುವುದಿಲ್ಲ. ಸಿಡುಕು, ಕುಡಿತ, ತಲೆನೋವು, ಹೊಟ್ಟೆ ಉರಿ, ಮೈಕೈ ನೋವಾಗಿ ಬರುತ್ತದೆ. ಹೊಟ್ಟೆಗೆ ಮಾತ್ರೆ ತಂದು ನುಂಗುತ್ತಾನೆ. ಮನಸ್ಸಿನ ವಿಚಾರ ಅಲ್ಲಿಗೇ ನಿಲ್ಲುತ್ತದೆ.

ಹಂತ 3: ಬದಲಾವಣೆಯನ್ನು ಗಮನಿಸಿ

ಕೆಳಗಿನವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ತಡ ಮಾಡಬೇಡಿ:

- ‘ನಾನಿದ್ದೇನು ಪ್ರಯೋಜನ’, ‘ನಾನಿಲ್ಲದಿದ್ರೆ ಇವರಾದ್ರೂ ನೆಮ್ಮದಿಯಾಗಿರ್ತಾರೆ’ ಎನ್ನುವ ಮಾತು.
- ಊಟ, ನಿದ್ದೆ ಕೆಟ್ಟಿರುವುದು. ಕುಡಿತ ಏಕಾಏಕಿ ಹೆಚ್ಚಿರುವುದು.
- ಮದುವೆ, ಜಾತ್ರೆ, ಸಂತೆ ಎಲ್ಲವನ್ನೂ ತಪ್ಪಿಸುವುದು, ಫೋನ್ ಎತ್ತದಿರುವುದು.
- ದನಕರು, ಪಾಸ್‌ಬುಕ್ಕು, ಪಹಣಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು.
- ಬಹಳ ದಿನ ಕುಗ್ಗಿದ್ದವನು ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಶಾಂತವಾಗುವುದು.

ಹಿಂದೊಮ್ಮೆ ಪ್ರಯತ್ನಿಸಿ ಬದುಕುಳಿದವರ ಮೇಲೆ ಹೆಚ್ಚು ಕಣ್ಣಿರಲಿ.

ಹಂತ 4: ನೇರವಾಗಿ ಕೇಳಿ

ನಾಲ್ಕು ಜನರ ಮುಂದೆ ಬೇಡ. ಬೈಕಿನಲ್ಲಿ ಹೋಗುವಾಗಲೋ, ಪಂಪ್‌ಸೆಟ್ ಹತ್ತಿರವೋ ಇಬ್ಬರೇ ಇರುವಾಗ ಕೇಳಿ.

‘ಅಣ್ಣಾ, ಒಂದು ತಿಂಗಳಿಂದ ನೀನು ನೀನಾಗಿಲ್ಲ. ಏನಾಗ್ತಿದೆ?’

‘ಏನಿಲ್ಲ ಬಿಡಪ್ಪ.’

‘ಇದೆ. ನನಗೇನೂ ಅವಸರ ಇಲ್ಲ, ಕೂತ್ಕೊ. ಜೀವ ತೆಗೆದುಕೊಳ್ಳೋ ಯೋಚನೆ ಏನಾದ್ರೂ ಬಂದಿದೆಯಾ?’

ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಒಳಗೇ ಕುದಿಯುತ್ತಿದ್ದವನಿಗೆ ಹೇಳಲು ದಾರಿಯಾಗುತ್ತದೆ. ಅವನು ‘ಹೂಂ’ ಅಂದರೆ ಗಾಬರಿ ತೋರಿಸಬೇಡಿ. ‘ಹೆಂಡತಿ ಮಕ್ಕಳ ಮುಖ ನೋಡು’, ‘ಧೈರ್ಯವಾಗಿರು’ ಎನ್ನಬೇಡಿ. ಅವರನ್ನು ನೆನೆದೇ ಅವನು ಕುಗ್ಗಿದ್ದಾನೆ. ‘ಹೇಳಿದ್ದು ಒಳ್ಳೇದಾಯ್ತು, ಇದನ್ನ ಒಟ್ಟಿಗೆ ನೋಡೋಣ’ ಎನ್ನಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.

ಹಂತ 5: ಆ ಹೊತ್ತನ್ನು ದಾಟಿಸಿ

ಸಾಯಬೇಕೆಂಬ ತೀವ್ರತೆ ಬಹುಪಾಲು ಜನರಲ್ಲಿ ಕೆಲವು ಗಂಟೆಗಳಲ್ಲಿ ತಗ್ಗುತ್ತದೆ. ಅಲ್ಲಿಯತನಕ ಒಂಟಿಯಾಗಿ ಬಿಡಬೇಡಿ, ಕುಡಿಯಲು ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕವನ್ನು ಬೇರೆಯವರ ಮನೆಗೆ ಸಾಗಿಸಿ, ಬೀಗ ಹಾಕಿಸಿ. ಇದು ಸಣ್ಣ ಕೆಲಸವಲ್ಲ. ಶ್ರೀಲಂಕಾ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದ ಮೇಲೆ ಅಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು.

ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಅವನ ಪಕ್ಕದಲ್ಲೇ ಕೂತು ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಾಪಾಯವಿದ್ದರೆ ಕೂಡಲೇ 108 ಅಥವಾ 112. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆ ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ಹಂತ 6: ಕಾರಣಗಳನ್ನು ಒಂದೊಂದಾಗಿ ಬಿಡಿಸಿ

ಒಂದು ಹಾಳೆಯಲ್ಲಿ ಸಾಲವನ್ನೆಲ್ಲ ಬರೆಸಿ: ಯಾರಿಗೆ, ಎಷ್ಟು, ಯಾವ ಬಡ್ಡಿ. ತಲೆಯೊಳಗೆ ದಿಕ್ಕು ತೋಚದ ಸಾಲ ಹಾಳೆಯ ಮೇಲೆ ಇಂತಿಷ್ಟು ಎಂದಾಗುತ್ತದೆ. ಬ್ಯಾಂಕಿಗೆ ಜೊತೆಗೆ ಹೋಗಿ ಕಂತು ಮುಂದೂಡಿಸಲು ಕೇಳಿ. ಮನೆ ಮುಂದೆ ಬಂದು ಅವಮಾನ ಮಾಡಿ ಸಾಲ ವಸೂಲಿ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಠಾಣೆಗೆ ದೂರು ಕೊಡಬಹುದು. ಉಚಿತ ಕಾನೂನು ನೆರವಿಗೆ 15100. ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ತಪಾಸಣೆ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಮೊದಲ ಸಲ ನೀವೇ ಕರೆದೊಯ್ಯಿರಿ. ಖಿನ್ನತೆಗೂ ಕುಡಿತಕ್ಕೂ ಚಿಕಿತ್ಸೆ ಇದೆ.

ಹಂತ 7: ಸಾವು ಆಗಿಹೋಗಿದ್ದರೆ ಆ ಮನೆಯ ಜೊತೆ ನಿಲ್ಲಿ

ಗಂಡಸು ಹೋದ ಮೇಲೆ ಸಾಲ ಹೋಗುವುದಿಲ್ಲ. ಸಾಲ ಕೊಟ್ಟವರು ಹೆಂಡತಿಯ ಬಾಗಿಲಿಗೆ ಬರುತ್ತಾರೆ, ದೊಡ್ಡ ಮಗ ಓದು ಬಿಟ್ಟು ಗಾರೆ ಕೆಲಸಕ್ಕೆ ಹೋಗುತ್ತಾನೆ, ‘ಅವಳ ಕಾಟಕ್ಕೇ ಹೋದ’ ಎಂಬ ಮಾತು ಬೀದಿಯಲ್ಲಿ ಹರಿದಾಡುತ್ತದೆ. ಗೆಳೆಯರು, ಒಡಹುಟ್ಟಿದವರು ವರ್ಷಗಟ್ಟಲೆ ‘ನನಗೆ ಗೊತ್ತಾಗಬೇಕಿತ್ತು’ ಎಂದು ಕೊರಗುತ್ತಾರೆ. ಅವರಲ್ಲೂ ಅಪಾಯ ಹೆಚ್ಚುತ್ತದೆ. ಊರು ಮಾಡಬೇಕಾದದ್ದು ಇಷ್ಟು. ಹೇಗೆ ಸತ್ತನೆಂಬ ವಿವರ, ಫೋಟೊ, ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹಂಚದಿರಿ. ಹೆಂಡತಿಯನ್ನು ದೂರುವ ಮಾತನ್ನು ಅಲ್ಲೇ ತಡೆಯಿರಿ. ಮೃತರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ತಮಗೆ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ, ಜಾಮೀನು ಹಾಕಿದ್ದರೆ ಬೇರೆ ಮಾತು. ಇದನ್ನು ಆಕೆಗೆ ತಿಳಿಸಿ. ರೈತ ಕುಟುಂಬಕ್ಕೆ ರಾಜ್ಯ ಸರ್ಕಾರದ 5 ಲಕ್ಷ ರೂಪಾಯಿ ಪರಿಹಾರವಿದೆ. ಪಹಣಿ ಮಾವನ ಹೆಸರಲ್ಲಿದ್ದರೆ, ಕೈಸಾಲಕ್ಕೆ ಕಾಗದವಿಲ್ಲದಿದ್ದರೆ ತೊಡಕಾಗಬಹುದು. ಆ ಅಲೆದಾಟಕ್ಕೆ ಓದುಬರಹ ಬಲ್ಲ ಒಬ್ಬರು ಜೊತೆಗೆ ಹೋಗಲಿ.

ಹಂತ 8: ಮತ್ತೆ ಹೋಗಿ

ಒಂದು ಸಲ ಮಾತಾಡಿ ಮುಗಿಯಿತು ಎನ್ನಬೇಡಿ. ಮರುದಿನ ಹೋಗಿ, ವಾರ ಬಿಟ್ಟು ಹೋಗಿ, ಆಸ್ಪತ್ರೆಯಿಂದ ಬಂದ ಮೊದಲ ತಿಂಗಳುಗಳಲ್ಲಂತೂ ತಪ್ಪದೆ ಹೋಗಿ. ಭಾರ ನಿಮ್ಮೊಬ್ಬರದೇ ಆಗದಂತೆ ಅವನ ಒಪ್ಪಿಗೆ ಪಡೆದು ಇನ್ನಿಬ್ಬರನ್ನು ಸೇರಿಸಿಕೊಳ್ಳಿ. ಜೀವಕ್ಕೇ ಅಪಾಯವೆನಿಸಿದರೆ ಒಪ್ಪಿಗೆಗೂ ಕಾಯಬೇಡಿ. ಈ ಸಾಲುಗಳನ್ನು ಓದುತ್ತ ನಿಮ್ಮದೇ ಕಥೆ ಎನಿಸಿದ್ದರೆ, 14416ಕ್ಕೆ ಈಗಲೇ ಕರೆ ಮಾಡಿ, ಇಲ್ಲವೇ ಹತ್ತಿರದ ಒಬ್ಬರಿಗೆ ಹೇಳಿ. ನಿಮ್ಮ ಸಾಲಕ್ಕಿಂತ, ನಿಮ್ಮ ಸೋಲಿಗಿಂತ ನಿಮ್ಮ ಜೀವ ದೊಡ್ಡದು.