ಮನೆಪಾಠಕ್ಕೊಂದು ಸಾಲಪತ್ರ

ಒಂದನೆಯ ತರಗತಿಯಲ್ಲಿ ಓದುತ್ತಿದ್ದ ಆರು ವರ್ಷದ ಹುಡುಗಿಯೊಬ್ಬಳು ಏಳಕ್ಕೆ ಐದನ್ನು ಕೂಡಿಸುವಾಗ ಬೆರಳು ಮಡಿಸಿ ಎಣಿಸಿದಳೆಂಬ ಒಂದೇ ಕಾರಣಕ್ಕೆ, ಹಣಕಾಸಿನ ವಿಚಾರದಲ್ಲಿ ಬಹುಕಾಲದಿಂದ ಪರರಿಗೆ ಬುದ್ಧಿ ಹೇಳುತ್ತ ಬಂದಿರುವ ಆಕೆಯ ತಂದೆ, ತಾನು ಓದಿಯೂ ನೋಡದ ಸಾಲಪತ್ರವೊಂದಕ್ಕೆ ಸಮ್ಮತಿಯಿತ್ತನೆಂದರೆ ವಾಚಕರು ನಂಬಲಾರರು. ಆ ತಂದೆ ನಾನೇ.

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ, ಔಷಧದ ಅಂಗಡಿಯ ಮಹಡಿಯ ಮೇಲೆ, ಶಾಲೆ ಬಿಟ್ಟ ಮಕ್ಕಳಿಗೆ ದಿನವೂ ಸಂಜೆ ಗಣಿತವನ್ನೂ ಇಂಗ್ಲಿಷನ್ನೂ ಬೋಧಿಸುವ ಕೇಂದ್ರವೊಂದಿತ್ತು. ಎರಡು ವರ್ಷಗಳ ಹಿಂದಿನ ಜೂನಿನಲ್ಲಿ ಅಲ್ಲಿ ನಡೆದ ಡೆಮೊ ತರಗತಿಯ ಅನಂತರ, ಮೇಜಿನಾಚೆ ಕುಳಿತಿದ್ದ ತರುಣಿ ನನ್ನ ಮಗಳ ಉತ್ತರಪತ್ರಿಕೆಯನ್ನು ವೈದ್ಯರು ಎಕ್ಸ್‌ರೇ ನೋಡುವ ಗಾಂಭೀರ್ಯದಿಂದ ಪರಿಶೀಲಿಸಿ, "ಬೇಸಿಕ್ಸ್ ಸ್ವಲ್ಪ ವೀಕ್ ಇದೆ ಸಾರ್, ಈಗ್ಲೇ ಸರಿಮಾಡ್ಕೋಬೇಕು" ಎಂದಳು. ವರ್ಷದ ಶುಲ್ಕ 48,000 ರೂಪಾಯಿ. ಒಂದೇ ಗಂಟಿಗೆ ಕೊಟ್ಟರೆ 44,000. ನಾನು ತುಸು ಅನುಮಾನಿಸುವುದನ್ನು ಕಂಡು, "ನೋ ಕಾಸ್ಟ್ ಇಎಂಐ ಇದೆ ಸಾರ್, ತಿಂಗಳಿಗೆ ಬರೀ ನಾಲ್ಕು ಸಾವಿರ" ಎಂದು ಸೇರಿಸಿದಳು. ಮೊಬೈಲಿಗೆ ಬಂದ ಓಟಿಪಿಯನ್ನು ನಾನೇ ಓದಿ ಹೇಳಿದೆ.

ನಮ್ಮ ಹಿರಿಯರ ಕಾಲದ ಕೂಲಿಮಠಗಳಲ್ಲಿ ಐಗಳಿಗೆ ಮಕ್ಕಳ ಮನೆಯಿಂದ ಕಾಳುಕಡಿಯೂ ಹಬ್ಬಕ್ಕೊಂದು ದಕ್ಷಿಣೆಯೂ ಸಲ್ಲುತ್ತಿದ್ದುವು. ಹುಡುಗ ಮಠ ಬಿಟ್ಟರೆ ಕಾಳೂ ನಿಲ್ಲುತ್ತಿತ್ತು. ನಾನು ಒಪ್ಪಿದ ಏರ್ಪಾಡಿನಲ್ಲಾದರೋ ಗುರುವಿಗೂ ಶಿಷ್ಯೆಗೂ ನಡುವೆ ಮೂರನೆಯವನೊಬ್ಬನಿದ್ದ. ಫೈನಾನ್ಸ್ ಕಂಪನಿಯು 44,000 ರೂಪಾಯಿಯನ್ನು ಕೇಂದ್ರಕ್ಕೆ ಆ ಕ್ಷಣವೇ ಸಲ್ಲಿಸಿ, ನನ್ನಿಂದ ಹನ್ನೆರಡು ಕಂತುಗಳಲ್ಲಿ 48,000ವನ್ನು ಬ್ಯಾಂಕಿನ ಖಾತೆಯಿಂದ ತಾನಾಗಿಯೇ ಎಳೆದುಕೊಳ್ಳುವ ಅಧಿಕಾರವನ್ನು ಪಡೆದಿತ್ತು. ನಾಲ್ಕು ಸಾವಿರ ವ್ಯತ್ಯಾಸವನ್ನು ಶೇಕಡಾ ಒಂಬತ್ತೆಂದು ಎಣಿಸುವುದು ತಪ್ಪು. ಅಸಲು ತಿಂಗಳು ತಿಂಗಳೂ ಕರಗುತ್ತ ಹೋಗುವುದರಿಂದ ಅದರ ನಿಜವಾದ ವಾರ್ಷಿಕ ದರ ಶೇಕಡಾ 16ನ್ನು ಮೀರುತ್ತದೆ. ಈ ದರವನ್ನು ಸಾಲಗಾರನಿಗೆ ಮೊದಲೇ ಬರೆದು ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅವರು ತಿಳಿಸಿಯೂ ಇದ್ದರು; ಆ ಇ-ಮೇಲನ್ನು ನಾನು ತೆರೆದದ್ದು ನಾಲ್ಕನೆಯ ತಿಂಗಳು.

ತೆರಿಗೆಯ ಮಾತೂ ಒಂದಿಷ್ಟುಂಟು. ಶಾಲೆಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಇಂತಹ ಕೇಂದ್ರಗಳ ಶುಲ್ಕಕ್ಕೆ ಶೇಕಡಾ 18. ನಾನು ಒಪ್ಪಿದ 48,000ದಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಅದೇ ಆಗಿತ್ತು. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಮಕ್ಕಳ 'ಟ್ಯೂಷನ್ ಫೀ' ಮೇಲೆ ವಿನಾಯಿತಿಯುಂಟೆಂಬುದನ್ನು ನೆನೆದು ರಸೀತಿಯನ್ನು ಆಡಿಟರರ ಬಳಿಗೆ ಒಯ್ದರೆ, ಅವರು ನಕ್ಕರು. ಕಾಯಿದೆಯ ಭಾಷೆಯಲ್ಲಿ ಟ್ಯೂಷನ್ ಎಂದರೆ ಶಾಲೆಯಲ್ಲಿ ನಡೆಯುವ ಪೂರ್ಣಾವಧಿಯ ಬೋಧನೆ. ನಾವು ಕನ್ನಡಿಗರು ಟ್ಯೂಷನ್ ಎಂದು ಯಾವುದನ್ನು ಕರೆಯುತ್ತೇವೆಯೋ ಅದೊಂದು ಮಾತ್ರ ಅದರಲ್ಲಿ ಸೇರದು.

ಅಕ್ಟೋಬರಿನ ಒಂದು ಸಂಜೆ ಕಚೇರಿಯಿಂದ ಬೇಗ ಹೊರಟು ಕೇಂದ್ರಕ್ಕೆ ಹೋದೆ. ಹನ್ನೆರಡು ಮಕ್ಕಳ ಸಾಲಿನ ಕಡೆಯಲ್ಲಿ ನನ್ನ ಮಗಳು, ಅರ್ಧ ತುಂಬಿಸಿದ ವರ್ಕ್‌ಶೀಟಿನ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿದ್ದಳು. "ಡೈಲಿ ಸ್ವಲ್ಪ ಹೀಗೇ ಸಾರ್" ಎಂದರು ಟೀಚರು, ದೂರಿನ ದನಿಯಲ್ಲಲ್ಲ, ಮಮತೆಯಿಂದಲೇ. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿದ ಕೂಸಿಗೆ ಸಂಜೆ ಐದರಲ್ಲಿ ಸಂಕಲನವನ್ನು ಉಣಿಸಹೊರಟ ನಮ್ಮ ಸಾಹಸವನ್ನು ನೆನೆದು ನಾನೂ ಪತ್ನಿಯೂ ಅಂದು ರಾತ್ರಿ ಮಾತನಾಡುತ್ತ ಕುಳಿತೆವು. ಮಾತು ಬೆಳೆದಂತೆ, ಇಬ್ಬರೂ ಕಂಡೂ ಕಾಣದಂತೆ ಇದ್ದ ಸಂಗತಿಯೊಂದು ಹೊರಬಿದ್ದಿತು. ನಮಗೆ ಬೇಕಾಗಿದ್ದದ್ದು ಗಣಿತವೇ ಅಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆಯವರು ಮೇ ತಿಂಗಳಲ್ಲಿ ಊರಿಗೆ ಹಿಂದಿರುಗಿದ್ದರು. ನಾವಿಬ್ಬರೂ ಮನೆಗೆ ಬರುವವರೆಗೆ ಮಗು ಎಲ್ಲಿಯಾದರೂ ಸುರಕ್ಷಿತವಾಗಿರಬೇಕಾಗಿತ್ತು. ಡೇಕೇರಿಗೆ ಬಿಟ್ಟೆವೆನ್ನಲು ಏನೋ ಸಂಕೋಚ. ಟ್ಯೂಷನ್ನಿಗೆ ಸೇರಿಸಿದೆವೆಂದರೆ ನೆಂಟರಿಷ್ಟರಲ್ಲಿ ಮರ್ಯಾದೆ. ಆ ಮರ್ಯಾದೆಯನ್ನೇ ನಾವು ಬಡ್ಡಿ ತೆತ್ತು ಕೊಂಡಿದ್ದೆವು.

ಬಿಡಿಸಿಕೊಳ್ಳುವುದು ಸುಲಭವಾಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಹಣ ಹಿಂದಿರುಗಿಸುವುದಿಲ್ಲವೆಂದು ಕರಾರಿನಲ್ಲಿದೆ ಎಂದರು ಕೇಂದ್ರದವರು. ಮಧ್ಯದಲ್ಲಿ ಬಿಟ್ಟುಹೋಗುವ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಮುಂದಿಟ್ಟೆ. ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಲೇಬಾರದೆಂಬ ಮಾತೂ ಅದರಲ್ಲೇ ಇರುವುದರಿಂದ, ಆರು ವರ್ಷದವಳ ತಂದೆಯಾದ ನಾನು ಅದನ್ನು ಬಲು ದೊಡ್ಡ ದನಿಯಲ್ಲೇನೂ ಓದಲಿಲ್ಲ. "ಅದು ಗೈಡ್‌ಲೈನು ಸಾರ್, ಕಾನೂನಲ್ಲ" ಎಂದರು ಮ್ಯಾನೇಜರು. ಇತ್ತ ಪಾಠ ನಿಂತಿತೆಂದು ಕಂತು ನಿಲ್ಲುವಂತಿರಲಿಲ್ಲ: ಖಾತೆಯಲ್ಲಿ ಹಣವಿಲ್ಲದೆ ಒಂದು ಕಂತು ತಪ್ಪಿದರೂ ದಂಡ ಬೀಳುವುದು ನನಗೆ, ಕ್ರೆಡಿಟ್ ಸ್ಕೋರು ಕುಸಿಯುವುದೂ ನನ್ನದೇ. ಕೊನೆಗೆ ಕೇಂದ್ರದವರು 20,000 ಹಿಂದಿರುಗಿಸಿದರು. ಮಿಕ್ಕ 10,000 ಚಿಲ್ಲರೆಯನ್ನು ಕೈಯಿಂದ ಸೇರಿಸಿ ಸಾಲವನ್ನು ಮುಗಿಸಿದೆ. ಕಟ್ಟಿದ ನಾಲ್ಕು ಕಂತುಗಳನ್ನೂ ಕೂಡಿಸಿ ನೋಡಿದಾಗ, ಆ ನಿದ್ದೆಗೆ ತಿಂಗಳೊಂದಕ್ಕೆ ಆರೂವರೆ ಸಾವಿರ ರೂಪಾಯಿ ಬಿದ್ದಿತ್ತು.

ಈಗ ಹಿಂದಿನ ಬೀದಿಯ ಗೃಹಿಣಿಯೊಬ್ಬರ ಮನೆಯಲ್ಲಿ ಏಳೆಂಟು ಮಕ್ಕಳೊಡನೆ ಮಗಳೂ ಇರುತ್ತಾಳೆ. ತಿಂಡಿ ತಿಂದು, ಹೋಂವರ್ಕಿದ್ದರೆ ಬರೆದು, ಇಲ್ಲವಾದರೆ ಚೌಕಾಬಾರ ಆಡುತ್ತಾಳೆ. ಕವಡೆಯ ಲೆಕ್ಕಕ್ಕೆ ಬೆರಳು ಬೇಕಾಗುತ್ತಿಲ್ಲವೆಂದು ಕಾಣುತ್ತದೆ. ತಿಂಗಳಿಗೆ 1,500, ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟರೆ ಎರಡು ತಿಂಗಳು ಬಿಟ್ಟಿ ಎಂದು ಆಕೆ ಸೌಜನ್ಯದಿಂದ ಹೇಳಿದರು. ಮೂರು ಸಾವಿರ ಉಳಿಯುತ್ತಿತ್ತು, ನಿಜ. ತಿಂಗಳಿಗೊಮ್ಮೆಯೇ ಕೊಡುತ್ತೇನಮ್ಮ ಎಂದೆ.